ಒಂದು ರಾತ್ರಿಯ ಆಶ್ರಯ ಮತ್ತು ಶ್ರಾವಕಧರ್ಮ

ತೀರ್ಥಯಾತ್ರೆಯಿಂದಾಗಲಿ ವ್ಯಾಪಾರದ ಪ್ರವಾಸದಿಂದಾಗಲಿ ಮನೆಗೆ ಮರಳಿದವರನ್ನು ಬಂಧುಬಾಂಧವರು ಕುಶಲ ವಿಚಾರಿಸುವಾಗ, ದರ್ಶನ ಚೆನ್ನಾಗಿ ಆಯಿತೇ, ಕೆಲಸ ಕೈಗೂಡಿತೇ ಎಂದು ಕೇಳಿದ ಬೆನ್ನಲ್ಲೇ ‘ಇಳಿದುಕೊಂಡದ್ದು ಎಲ್ಲಿ, ವಸತಿ ಹೇಗಿತ್ತು’ ಎಂದು ಕೇಳುವುದು ವಾಡಿಕೆ. ಉತ್ತರವೂ ಸಿದ್ಧವಾಗಿರುತ್ತದೆ. ಬಿಸಿನೀರು ಬಂದಿತು ಅಥವಾ ಬರಲಿಲ್ಲ, ಹಾಸಿಗೆ ಶುಚಿಯಾಗಿತ್ತು ಅಥವಾ ಇರಲಿಲ್ಲ, ಬಾಡಿಗೆ ನ್ಯಾಯವಾಗಿತ್ತು ಅಥವಾ ಸುಲಿಗೆಯಾಗಿತ್ತು. ಇವೆಲ್ಲವೂ ದೇಹಸುಖಕ್ಕೆ ಸಂಬಂಧಿಸಿದ ಮಾತುಗಳು, ಅಲಕ್ಷಿಸತಕ್ಕವಲ್ಲ. ಆದರೆ ಒಂದು ವಸತಿಯನ್ನು ಒಳ್ಳೆಯದು ಅಥವಾ ಕೆಟ್ಟದ್ದು ಎಂದು ನಿರ್ಣಯಿಸಲು ಇಷ್ಟೇ ಸಾಕೇ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಅತಿಥಿ ಎಂದರೆ ಬರುವ ತಿಥಿ ಗೊತ್ತಿಲ್ಲದವನು ಎಂದು ನಮ್ಮ ವ್ಯಾಖ್ಯಾನಕಾರರು ಅರ್ಥ ಹೇಳಿದ್ದಾರೆ. ಇಂದಿನ ಪ್ರವಾಸಿಗಾದರೋ ಬರುವ ತಿಥಿಯೂ ಮೊದಲೇ ನಿಶ್ಚಿತ, ಹೊರಡುವ ಗಳಿಗೆಯೂ ನಿಶ್ಚಿತ. ಅವನು ಹಣ ಕೊಡುತ್ತಾನೆ, ರಸೀದಿ ಪಡೆಯುತ್ತಾನೆ. ಹೀಗಿರುವಾಗ ಅತಿಥಿಸಂವಿಭಾಗದ ಮಾತು ಇಲ್ಲಿಗೆ ಹೇಗೆ ಅನ್ವಯಿಸುತ್ತದೆ ಎಂದು ಯಾರಾದರೂ ಶಂಕಿಸಬಹುದು. ಈ ಶಂಕೆಗೆ ಸಮಾಧಾನ ಹುಡುಕಲು ಒಬ್ಬ ಪ್ರವಾಸಿಯ ಅನುಭವವನ್ನು ಪರಿಶೀಲಿಸುವುದು ಉಪಯುಕ್ತವಾದೀತು.

ಹುಬ್ಬಳ್ಳಿಯ ಕಡೆಯ ಬಟ್ಟೆ ವರ್ತಕರೊಬ್ಬರು ಸುಮಾರು ನಲವತ್ತು ವರ್ಷಗಳ ಕಾಲ ಇಚಲಕರಂಜಿ, ಸೂರತ್, ಅಹಮದಾಬಾದುಗಳಿಗೆ ಖರೀದಿಗಾಗಿ ಹೋಗಿ ಬರುತ್ತಿದ್ದರು. ವರ್ಷಕ್ಕೊಮ್ಮೆ ಕುಟುಂಬ ಸಮೇತ ಕ್ಷೇತ್ರದರ್ಶನಕ್ಕೂ ಹೊರಡುತ್ತಿದ್ದರು. ಲೆಕ್ಕದಲ್ಲಿ ನಿಷ್ಠುರರಾದ ಅವರಿಗೆ ಒಂದು ಅಭ್ಯಾಸವಿತ್ತು. ಪ್ರವಾಸದ ಖರ್ಚಿನ ಪುಸ್ತಕದ ಅಂಚಿನಲ್ಲಿ ತಂಗಿದ ಪ್ರತಿಯೊಂದು ವಸತಿಗೂ ‘ಉತ್ತಮ’, ‘ಮಧ್ಯಮ’, ‘ಅಧಮ’ ಎಂದು ಒಂದೇ ಒಂದು ಪದವನ್ನು ಅವರು ಬರೆದಿಡುತ್ತಿದ್ದರು. ಆ ಪುಸ್ತಕದ ಮೂರು ನಮೂದುಗಳು ಇಲ್ಲಿ ಪ್ರಸ್ತುತವಾಗಿವೆ.

ಮೊದಲನೆಯದು, ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿದ್ದ ಒಂದು ಬಡ ವಸತಿಗೃಹ. ನಡುರಾತ್ರಿ ಕಳೆದ ಮೇಲೆ ವರ್ತಕರು ಅಲ್ಲಿಗೆ ತಲುಪಿದಾಗ, ಬಾಗಿಲ ಬಳಿ ಮಲಗಿದ್ದ ಮುದಿ ಗುಮಾಸ್ತ ಎದ್ದು ದೀಪ ಹಚ್ಚಿದ. ‘ಕೋಣೆ ಒಂದೇ ಉಳಿದಿದೆ. ಪಂಖ ಸದ್ದು ಮಾಡುತ್ತದೆ. ನಲ್ಲಿಯಲ್ಲಿ ನೀರು ಬೆಳಿಗ್ಗೆ ಆರರವರೆಗೆ ಮಾತ್ರ. ನೋಡಿ, ಒಪ್ಪಿಗೆಯಾದರೆ ಉಳಿಯಿರಿ’ ಎಂದ. ಆ ಹೊತ್ತಿನಲ್ಲಿ ಬೇರೆಲ್ಲಿಗೂ ಹೋಗಲಾರದ ಪ್ರವಾಸಿಯಿಂದ ಎರಡರಷ್ಟು ಹಣ ಕೇಳಿದ್ದರೂ ಕೊಡದೆ ವಿಧಿಯಿರಲಿಲ್ಲ. ಆತ ಗೋಡೆಯ ಫಲಕದಲ್ಲಿದ್ದ ದರವನ್ನಷ್ಟೇ ಪಡೆದ. ಮರುದಿನ ವರ್ತಕರು ವಸೂಲಿಯ ಹಣವಿದ್ದ ಕೈಚೀಲವನ್ನು ದಿಂಬಿನ ಕೆಳಗೆ ಮರೆತು ಹೊರಟುಬಿಟ್ಟರು. ಬಸ್ಸು ಚಲಿಸುವ ಮುನ್ನ ಅಲ್ಲಿಯ ಕೆಲಸದ ಹುಡುಗ ಓಡಿಬಂದು ಚೀಲವನ್ನು ಕೈಗಿತ್ತ. ಎಣಿಸಿ ನೋಡಿದರೆ ಒಂದು ರೂಪಾಯಿಯೂ ಕಡಿಮೆಯಿರಲಿಲ್ಲ. ಪುಸ್ತಕದಲ್ಲಿ ‘ಉತ್ತಮ’ ಎಂದು ದಾಖಲಾಯಿತು.

ಎರಡನೆಯದು, ಅಮೃತಶಿಲೆಯ ನೆಲ, ಸಮವಸ್ತ್ರದ ದ್ವಾರಪಾಲಕರು ಇದ್ದ ದೊಡ್ಡ ಹೋಟೆಲು. ಮುಂಗಡ ಕೊಟ್ಟು ಕಾದಿರಿಸಿದ ಕೋಣೆಯನ್ನು ಮದುವೆಯ ತಂಡವೊಂದಕ್ಕೆ ಹೆಚ್ಚಿನ ಬಾಡಿಗೆಗೆ ಕೊಟ್ಟಾಗಿತ್ತು. ಬದಲಿಗೆ ಸಿಕ್ಕಿದ್ದು ಅಡುಗೆಮನೆಯ ಹೊಗೆ ನುಗ್ಗುವ ಹಿಂಬದಿಯ ಕೋಣೆ. ಚಿತ್ರದಲ್ಲಿ ತೋರಿಸಿದ್ದು ಬೇರೆ, ಕೊಟ್ಟಿದ್ದು ಬೇರೆ. ‘ನಿಮ್ಮ ಸಾಮಾನಿಗೆ ನೀವೇ ಹೊಣೆ’ ಎಂಬ ಫಲಕ ಬಾಗಿಲಲ್ಲೇ ತೂಗುತ್ತಿತ್ತು. ಹೊರಡುವಾಗ ಬಿಲ್ಲಿನಲ್ಲಿ ಕೇಳದ ಸೇವೆಗಳ ಶುಲ್ಕವೂ ಸೇರಿತ್ತು. ‘ಅಧಮ’ ಎಂದು ದಾಖಲಾದದ್ದರಲ್ಲಿ ಆಶ್ಚರ್ಯವಿಲ್ಲ.

ಮೂರನೆಯ ನಮೂದು ಒಂದು ತೀರ್ಥಕ್ಷೇತ್ರದ ಯಾತ್ರಿನಿವಾಸಕ್ಕೆ ಸಂಬಂಧಿಸಿದ್ದು. ವರ್ತಕರು ಆ ಕ್ಷೇತ್ರದ ಜೀರ್ಣೋದ್ಧಾರಕ್ಕೆ ದೊಡ್ಡ ಮೊತ್ತದ ದಾನ ಕೊಟ್ಟವರು. ಪೂರ್ವಸೂಚನೆಯಿಲ್ಲದೆ ರಾತ್ರಿ ಒಂಬತ್ತರ ಮೇಲೆ ಅವರು ಸಪರಿವಾರ ಬಂದಾಗ ವ್ಯವಸ್ಥಾಪಕರು ಸಂಭ್ರಮದಿಂದ ಸ್ವಾಗತಿಸಿ, ಅರ್ಧ ಗಂಟೆಯಲ್ಲಿ ಒಂದು ಒಳ್ಳೆಯ ಕೋಣೆಯನ್ನು ಅಣಿಗೊಳಿಸಿದರು. ಹೊಸ ಹೊದಿಕೆ, ಸೋಸಿ ಕಾಯಿಸಿದ ನೀರು, ಎಲ್ಲವೂ ಒದಗಿತು. ಬೆಳಿಗ್ಗೆ ದರ್ಶನಕ್ಕೆ ಹೊರಟಾಗ ಬಸದಿಯ ಹೊರಜಗಲಿಯ ಮೇಲೆ ವೃದ್ಧೆಯೊಬ್ಬಳು ಸೀರೆಯ ಸೆರಗನ್ನೇ ಹೊದ್ದು ಕುಳಿತಿದ್ದುದೂ, ಪಕ್ಕದಲ್ಲಿ ಎರಡು ಮಕ್ಕಳು ಗಂಟುಮೂಟೆಗಳಿಗೆ ಒರಗಿ ನಿದ್ರಿಸುತ್ತಿದ್ದುದೂ ಕಣ್ಣಿಗೆ ಬಿತ್ತು. ಹಿಂದಿನ ರಾತ್ರಿ ಆ ಕೋಣೆಯಲ್ಲಿದ್ದವರು ಅವರೇ ಎಂದು ಕಸ ಗುಡಿಸುವವಳ ಮಾತಿನಿಂದ ತಿಳಿಯಿತು. ವರ್ತಕರಿಗೆ ಒಂದು ಕ್ಷಣ ಇರಿಸುಮುರಿಸಾಯಿತು; ಆದರೆ ದರ್ಶನದ ಅವಸರದಲ್ಲಿ ಅದು ಮರೆತುಹೋಯಿತು. ಪುಸ್ತಕದಲ್ಲಿ ಆ ರಾತ್ರಿಗೂ ‘ಉತ್ತಮ’ ಎಂದೇ ಬರೆಯಲ್ಪಟ್ಟಿತು. ಎಷ್ಟೋ ವರ್ಷ ಆ ಪದ ಹಾಗೆಯೇ ಉಳಿಯಿತು.

ಅದನ್ನು ಅಲುಗಾಡಿಸಿದ್ದು ದಶಲಕ್ಷಣ ಪರ್ವದ ಸ್ವಾಧ್ಯಾಯದಲ್ಲಿ ಕೇಳಿದ ಒಂದು ಕಥೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ವೈಯಾವೃತ್ಯವೆಂಬ ಶಿಕ್ಷಾವ್ರತವನ್ನು ವಿವರಿಸುತ್ತ ಆಹಾರ, ಔಷಧ, ಉಪಕರಣ, ಆವಾಸ ಎಂಬ ನಾಲ್ಕು ದಾನಗಳನ್ನು ಹೇಳಿದ್ದಾರೆ. ತಂಗಲು ಸ್ಥಳ ಕೊಡುವುದು ಹೀಗೆ ಅನ್ನ ಮತ್ತು ಔಷಧಗಳ ಸಾಲಿನಲ್ಲೇ ನಿಲ್ಲುತ್ತದೆ. ಪ್ರತಿಯೊಂದು ದಾನಕ್ಕೂ ಆಚಾರ್ಯರು ಒಂದೊಂದು ದೃಷ್ಟಾಂತವನ್ನು ಸೂಚಿಸುತ್ತಾರೆ. ಆವಾಸದಾನಕ್ಕೆ ಅವರು ಸೂಚಿಸಿದ್ದು ಒಬ್ಬ ರಾಜನನ್ನಲ್ಲ, ಶ್ರೇಷ್ಠಿಯನ್ನಲ್ಲ, ಒಂದು ಕಾಡುಹಂದಿಯನ್ನು.

ವ್ಯಾಖ್ಯಾನಕಾರ ಪ್ರಭಾಚಂದ್ರರು ಆ ಕಥೆಯನ್ನು ವಿಸ್ತರಿಸಿದ್ದಾರೆ. ಅದರ ಸಾರಾಂಶ ಹೀಗಿದೆ: ಮಾಲವದೇಶದ ಒಂದು ಊರಿನಲ್ಲಿ ಒಬ್ಬ ಕುಂಬಾರನೂ ಒಬ್ಬ ಕ್ಷೌರಿಕನೂ ಕೂಡಿ ದಾರಿಹೋಕರ ವಸತಿಗಾಗಿ ಒಂದು ಕಟ್ಟಡವನ್ನು ಕಟ್ಟಿಸಿದರು. ಒಮ್ಮೆ ಕುಂಬಾರನು ಒಬ್ಬ ಮುನಿಗಳಿಗೆ ಅಲ್ಲಿ ಸ್ಥಳ ಕೊಟ್ಟನು. ಬಳಿಕ ಅವನ ಪಾಲುದಾರನು ಒಬ್ಬ ಪರಿವ್ರಾಜಕನನ್ನು ಕರೆತಂದು ಇರಿಸಿದನು. ಮೊದಲೇ ಬಂದಿದ್ದ ಮುನಿಗಳನ್ನು ಹೊರಗೆ ಕಳಿಸಲಾಯಿತು. ಅವರು ಚಳಿಯನ್ನೂ ಸೊಳ್ಳೆಗಳ ಬಾಧೆಯನ್ನೂ ಸಹಿಸುತ್ತ ಮರದ ಬುಡದಲ್ಲಿ ರಾತ್ರಿಯನ್ನು ಕಳೆದರು. ಬೆಳಗಾದ ಮೇಲೆ ಇದೇ ಕಾರಣದಿಂದ ಪಾಲುದಾರರಲ್ಲಿ ಕಲಹವುಂಟಾಗಿ, ಪರಸ್ಪರ ಹೊಡೆದಾಡಿ ಇಬ್ಬರೂ ಸತ್ತರು; ವಿಂಧ್ಯದ ಕಾಡಿನಲ್ಲಿ ಕುಂಬಾರನು ಹಂದಿಯಾಗಿ, ಇನ್ನೊಬ್ಬನು ಹುಲಿಯಾಗಿ ಹುಟ್ಟಿದರು. ಆ ಹಂದಿ ಇರುತ್ತಿದ್ದ ಗುಹೆಗೆ ಒಮ್ಮೆ ಇಬ್ಬರು ಮುನಿಗಳು ಬಂದು ನಿಂತರು. ಹಂದಿಗೆ ಪೂರ್ವಭವದ ಸ್ಮರಣೆಯಾಯಿತು. ಧರ್ಮವನ್ನು ಕೇಳಿ ಅದು ವ್ರತವನ್ನು ಸ್ವೀಕರಿಸಿತು. ಮನುಷ್ಯರ ವಾಸನೆ ಹಿಡಿದು ಹುಲಿ ಬಂದಾಗ ಹಂದಿ ಗುಹೆಯ ಬಾಗಿಲಿಗೆ ಅಡ್ಡನಿಂತು ಹೋರಾಡಿತು. ಎರಡೂ ಸತ್ತವು. ರಕ್ಷಿಸುವ ಭಾವದಿಂದ ಸತ್ತ ಹಂದಿಗೆ ಸ್ವರ್ಗ, ಭಕ್ಷಿಸುವ ಭಾವದಿಂದ ಸತ್ತ ಹುಲಿಗೆ ನರಕ.

ಈ ಕಥೆಯಲ್ಲಿ ಗಮನಿಸತಕ್ಕ ಒಂದು ಅಂಶವಿದೆ. ಇದೇ ಜೀವವು ಹಿಂದಿನ ಭವದಲ್ಲಿ ದಾರಿಹೋಕರಿಗಾಗಿ ಕಟ್ಟಡವನ್ನೇ ಕಟ್ಟಿಸಿತ್ತು. ಆದರೂ ಅದು ಆವಾಸದಾನಕ್ಕೆ ದೃಷ್ಟಾಂತವಾದದ್ದು ಕಟ್ಟಡ ಕಟ್ಟಿಸಿದ ಭವದಲ್ಲಲ್ಲ. ಕೊಡಲು ಒಂದು ಇಟ್ಟಿಗೆಯೂ ಇಲ್ಲದ, ಬರಿಯ ಗುಹೆಯ ಬಾಗಿಲನ್ನು ಕಾದ ಭವದಲ್ಲಿ. ಇದರಿಂದ ಸ್ಪಷ್ಟವಾಗುವುದೇನೆಂದರೆ, ಆವಾಸದಾನದ ತಿರುಳು ಗೋಡೆ ಮತ್ತು ಮಾಡಿನಲ್ಲಿಲ್ಲ, ಒಳಗಿರುವವನು ನಿರ್ಭಯನಾಗಿರುವುದರಲ್ಲಿದೆ. ನಿದ್ರಿಸುವವನಷ್ಟು ಅಸಹಾಯನು ಯಾರೂ ಇಲ್ಲ. ಪರಸ್ಥಳದಲ್ಲಿ, ಪರರ ಮಾಡಿನಡಿಯಲ್ಲಿ ಕಣ್ಣು ಮುಚ್ಚುವ ಪ್ರವಾಸಿಯು ತನ್ನ ದೇಹವನ್ನೂ ಧನವನ್ನೂ ಕುಟುಂಬವನ್ನೂ ಮತ್ತೊಬ್ಬರ ವಶಕ್ಕೆ ಒಪ್ಪಿಸಿರುತ್ತಾನೆ. ಆ ಒಪ್ಪಿಸುವಿಕೆಯನ್ನು ಗೌರವಿಸಿದ ವಸತಿ ಒಳ್ಳೆಯದು. ಅದನ್ನು ಲಾಭಕ್ಕೆ ಬಳಸಿಕೊಂಡ ವಸತಿ, ಹಾಸಿಗೆ ಎಷ್ಟೇ ಮೃದುವಾಗಿದ್ದರೂ, ಕೆಟ್ಟದ್ದು. ಓಣಿಯ ಮುದಿ ಗುಮಾಸ್ತನಿಗೆ ‘ಉತ್ತಮ’ವೆಂಬ ಪದ ಸಲ್ಲುವುದು ಈ ಕಾರಣದಿಂದ.

ಹೋಟೆಲು ನಡೆಸುವುದು ವ್ಯಾಪಾರವೇ ಹೊರತು ದಾನವಲ್ಲ ಎಂಬ ಆಕ್ಷೇಪ ಸರಿಯಾದದ್ದೇ. ವ್ಯಾಪಾರಿಯು ನ್ಯಾಯವಾದ ಲಾಭ ಪಡೆಯುವುದರಲ್ಲಿ ದೋಷವಿಲ್ಲ. ಆದರೆ ಶ್ರಾವಕನ ವ್ಯಾಪಾರಕ್ಕೆ ಅಚೌರ್ಯಾಣುವ್ರತದ ಮೇರೆಯಿದೆ. ಅದರ ಐದು ಅತಿಚಾರಗಳಲ್ಲಿ ಹೆಚ್ಚುಕಡಿಮೆ ಅಳತೆ ಬಳಸುವುದೂ, ಒಂದನ್ನು ತೋರಿಸಿ ಅದರಂತೆ ಕಾಣುವ ಕೀಳು ಪದಾರ್ಥವನ್ನು ಕೊಡುವುದೂ ಸೇರಿವೆ. ಪೂರ್ವದಲ್ಲಿ ಇವು ಧಾನ್ಯ, ತುಪ್ಪ, ಚಿನ್ನಗಳ ವ್ಯವಹಾರಕ್ಕೆ ಅನ್ವಯಿಸುತ್ತಿದ್ದವು. ಕೋಣೆಯ ವ್ಯವಹಾರಕ್ಕೂ ಇವು ಅಷ್ಟೇ ಸಲ್ಲುತ್ತವೆ. ಒಂದು ದಿನದ ಬಾಡಿಗೆ ಪಡೆದು, ಮಧ್ಯಾಹ್ನ ಹನ್ನೆರಡಕ್ಕೆ ಕೋಣೆ ಕೊಟ್ಟು, ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಬಿಡಿಸುವವನು ಅದನ್ನು ಮೊದಲೇ ತಿಳಿಸದಿದ್ದರೆ, ಅವನ ಕೈಯಲ್ಲಿರುವುದು ಕಳ್ಳ ಅಳತೆ. ಚಿತ್ರದಲ್ಲಿ ಒಂದು ಕೋಣೆಯನ್ನು ತೋರಿಸಿ ಮತ್ತೊಂದನ್ನು ಕೊಡುವುದು ಪ್ರತಿರೂಪಕ ವ್ಯವಹಾರ.

ಲೌಕಿಕ ಕಾಯಿದೆಗಳೂ ಈ ಮಾರ್ಗದಲ್ಲೇ ನಡೆದುಬಂದಿವೆ. ಅತಿಥಿಯ ಸಾಮಾನು ಕಳುವಾದರೆ ವಸತಿಗೃಹದವನೇ ಹೊಣೆಗಾರನೆಂಬ ತತ್ತ್ವವನ್ನು ಇಂಗ್ಲೆಂಡಿನ ನ್ಯಾಯಾಲಯ 1584ರಷ್ಟು ಹಿಂದೆಯೇ ಪ್ರತಿಪಾದಿಸಿತ್ತು. ಬ್ರಿಟಿಷ್ ಭಾರತದಲ್ಲಿ 1867ರಲ್ಲಿ ಬಂದ ಸರಾಯಿಗಳ ಕಾಯಿದೆಯು, ಕೋಣೆಗಳನ್ನೂ ಬಾವಿಗಳನ್ನೂ ಶುಚಿಯಾಗಿಡುವುದು, ಕಾವಲುಗಾರರನ್ನು ನೇಮಿಸುವುದು, ದರಪಟ್ಟಿಯನ್ನು ಎಲ್ಲರಿಗೂ ಕಾಣುವಂತೆ ತೂಗುಹಾಕುವುದು ಇವನ್ನು ಸರಾಯಿ ನಡೆಸುವವರ ಕರ್ತವ್ಯವೆಂದು ವಿಧಿಸಿತು. ದೆಹಲಿಯ ಒಂದು ಪಂಚತಾರಾ ಹೋಟೆಲಿನಲ್ಲಿ 1998ರಲ್ಲಿ ಅತಿಥಿಯೊಬ್ಬರು ಸಿಬ್ಬಂದಿಯ ಕೈಗೆ ಕೀಲಿ ಕೊಟ್ಟು ಬಿಟ್ಟಿದ್ದ ಕಾರು ಕಳುವಾಯಿತು. ‘ಮಾಲೀಕರದೇ ಹೊಣೆ’ ಎಂದು ಚೀಟಿಯಲ್ಲಿ ಮುದ್ರಿಸಿದ ಮಾತ್ರಕ್ಕೆ ಹೋಟೆಲು ತನ್ನ ನಿರ್ಲಕ್ಷ್ಯದಿಂದ ನುಣುಚಿಕೊಳ್ಳಲಾಗದೆಂದು ಸುಪ್ರೀಂ ಕೋರ್ಟ್ 2019ರ ನವೆಂಬರಿನಲ್ಲಿ ತೀರ್ಪಿತ್ತಿತು. ಬಿಲ್ಲಿಗೆ ತಾವಾಗಿಯೇ ಸೇವಾಶುಲ್ಕ ಸೇರಿಸಬಾರದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ರ ಜುಲೈನಲ್ಲಿ ಹೋಟೆಲುಗಳಿಗೂ ಉಪಾಹಾರಗೃಹಗಳಿಗೂ ನಿಯಮ ಮಾಡಿತು. ದೆಹಲಿ ಹೈಕೋರ್ಟು 2025ರ ಮಾರ್ಚಿನಲ್ಲಿ ಅದನ್ನು ಎತ್ತಿಹಿಡಿಯಿತು. ಒಪ್ಪಿಸಿದ್ದನ್ನು ಕಾಯಬೇಕು, ಒಪ್ಪಿದ್ದನ್ನಷ್ಟೇ ಪಡೆಯಬೇಕು. ಇವೆಲ್ಲದರ ತಾತ್ಪರ್ಯ ಇಷ್ಟೇ.

ಇಷ್ಟರವರೆಗೆ ದೋಷವೆಲ್ಲ ವಸತಿ ಕೊಡುವವರದೇ ಎಂಬಂತೆ ತೋರಬಹುದು. ಆದರೆ ಪಡೆಯುವವರ ಪುಟವನ್ನೂ ತೆರೆಯಬೇಕಾಗುತ್ತದೆ. ಕೊಡದಿದ್ದುದನ್ನು ತೆಗೆದುಕೊಳ್ಳುವುದೇ ಕಳವು ಎಂಬುದು ಅಚೌರ್ಯದ ಮೂಲ ಲಕ್ಷಣ. ಇಬ್ಬರಿಗೆಂದು ಬಾಡಿಗೆ ಕೊಟ್ಟು ಐವರು ಮಲಗುವುದು, ಅಲ್ಲಿಯ ಟವೆಲ್ಲನ್ನು ಪೆಟ್ಟಿಗೆಗೆ ಸೇರಿಸುವುದು, ಬಾಡಿಗೆ ಕೊಟ್ಟಿದ್ದೇನೆಂಬ ಹಮ್ಮಿನಿಂದ ನಲ್ಲಿಯನ್ನೂ ದೀಪವನ್ನೂ ತೆರೆದಿಟ್ಟು ಹೊರಡುವುದು, ದಾಖಲೆ ಪುಸ್ತಕದಲ್ಲಿ ಸುಳ್ಳು ವಿವರ ಬರೆಯುವುದು ಇವು ಸಭ್ಯ ಕುಟುಂಬಗಳಲ್ಲೂ ಅಪರೂಪವಲ್ಲ. ‘ಬಿಲ್ಲು ಬೇಡ, ತೆರಿಗೆ ಬಿಡಿ’ ಎಂದು ಗುಮಾಸ್ತನೊಡನೆ ಒಳ ಒಪ್ಪಂದ ಮಾಡಿಕೊಳ್ಳುವಾಗ ಇಬ್ಬರೂ ಸೇರಿ ಮೂರನೆಯವರ ಹಣವನ್ನು ಹಂಚಿಕೊಂಡಂತಾಗುತ್ತದೆ. ರಾಜ್ಯದ ನಿಯಮವನ್ನು ಮೀರುವುದೂ ಅಚೌರ್ಯದ ಅತಿಚಾರವೆಂದು ಆಚಾರ್ಯರು ಎಣಿಸಿರುವುದನ್ನು ವ್ಯಾಪಾರಸ್ಥರು ಸುಲಭವಾಗಿ ಮರೆಯುತ್ತಾರೆ. ಬಾಡಿಗೆ ಕೊಟ್ಟವನು ಕೋಣೆಯನ್ನು ಕೊಂಡವನಲ್ಲ. ಅವನು ಪಡೆದದ್ದು ಮಿತವಾದ ಉಪಯೋಗವನ್ನು ಮಾತ್ರ.

ಮುನಿಗಳ ವಿಷಯದಲ್ಲಿ ಈ ವಿಚಾರವು ಇನ್ನೂ ಸೂಕ್ಷ್ಮವಾಗಿದೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಚೌರ್ಯ ಮಹಾವ್ರತವನ್ನು ದೃಢಗೊಳಿಸುವ ಐದು ಭಾವನೆಗಳು ಹೇಳಲ್ಪಟ್ಟಿವೆ. ಅವುಗಳಲ್ಲಿ ಮೂರು ವಸತಿಗೇ ಸಂಬಂಧಿಸಿದವು: ಗುಹೆ ಮೊದಲಾದ ಶೂನ್ಯಸ್ಥಾನದಲ್ಲಿರುವುದು, ಇತರರು ಬಿಟ್ಟುಹೋದ ಮನೆಯಲ್ಲಿರುವುದು, ತಾನಿರುವೆಡೆಗೆ ಬರುವ ಮತ್ತೊಬ್ಬರನ್ನು ತಡೆಯದಿರುವುದು. ಐದನೆಯದು ಸಹಧರ್ಮಿಗಳೊಡನೆ ‘ಇದು ನನ್ನದು, ಅದು ನಿನ್ನದು’ ಎಂದು ವಿವಾದ ಮಾಡದಿರುವುದು. ಕಳವಿನ ವ್ರತಕ್ಕೂ ತಂಗುವ ಸ್ಥಳಕ್ಕೂ ಇಷ್ಟು ನಿಕಟವಾದ ಸಂಬಂಧವನ್ನು ಸೂತ್ರಕಾರರು ಏಕೆ ಕಲ್ಪಿಸಿದರೆಂದು ಯೋಚಿಸಿದರೆ, ಮನುಷ್ಯನು ಅತ್ಯಂತ ಸುಲಭವಾಗಿ ಕದಿಯುವ ವಸ್ತು ಜಾಗವೇ ಎಂದು ಹೊಳೆಯುತ್ತದೆ. ಒಂದು ರಾತ್ರಿ ಇದ್ದ ಮಾತ್ರಕ್ಕೆ ಅದು ತನ್ನದೆಂಬ ಮಮಕಾರ ಹುಟ್ಟುತ್ತದೆ. ಗೃಹಸ್ಥನಿಗೆ ಮಹಾವ್ರತ ಸಾಧ್ಯವಲ್ಲ. ಆದರೆ ಮತ್ತೊಬ್ಬರನ್ನು ತಡೆಯದಿರುವ, ಹೊರದೂಡದಿರುವ ಭಾವನೆಯಾದರೂ ಅವನಿಗೆ ಅಸಾಧ್ಯವಲ್ಲ.

ಇಲ್ಲಿಂದ ವರ್ತಕರ ಮೂರನೆಯ ನಮೂದಿಗೆ ಮರಳಬಹುದು. ಪ್ರಭಾಚಂದ್ರರ ಕಥೆಯನ್ನು ಕೇಳಿದ ದಿನ ಅವರಿಗೆ ಬಸದಿಯ ಜಗಲಿಯ ವೃದ್ಧೆಯ ನೆನಪಾಯಿತು. ಮೊದಲೇ ಆಶ್ರಯ ಪಡೆದವರನ್ನು ರಾತ್ರಿ ಹೊರಡಿಸಿ ತನಗೆ ಬೇಕಾದವರನ್ನು ಇರಿಸಿದ ಆ ಕ್ಷೌರಿಕನಿಗೂ, ಕ್ಷೇತ್ರದ ವ್ಯವಸ್ಥಾಪಕರಿಗೂ ತಮಗೂ ಏನು ವ್ಯತ್ಯಾಸವೆಂದು ಅವರು ಹುಡುಕಿದರು. ‘ಕೇಳಿದ್ದು ನಾನಲ್ಲ, ಕೊಟ್ಟಿದ್ದು ಅವರು’ ಎಂಬ ಸಮಾಧಾನ ಬಹಳ ಹೊತ್ತು ನಿಲ್ಲಲಿಲ್ಲ. ತಿಳಿದ ಮೇಲೂ ಸುಮ್ಮನಿದ್ದುದು ಅನುಮೋದನೆಯೇ. ಕೃತ, ಕಾರಿತ, ಅನುಮೋದನೆಗಳೆಂಬ ಮೂರು ದ್ವಾರಗಳಿಂದಲೂ ಕರ್ಮವು ಆಸ್ರವಿಸುತ್ತದೆಂಬುದನ್ನು ಬಾಲ್ಯದಿಂದ ಕೇಳಿಬಂದವರು ಅವರು.

ಇಲ್ಲಿ ಟ್ರಸ್ಟುಗಳ ಪರವಾಗಿ ಒಂದು ಮಾತನ್ನು ಹೇಳಲೇಬೇಕು. ದಾನಿಗಳಿಲ್ಲದೆ ಯಾತ್ರಿನಿವಾಸಗಳೇ ಇಲ್ಲ. ಶ್ರವಣಬೆಳಗೊಳದಲ್ಲಿ 2018ರ ಮಹಾಮಸ್ತಕಾಭಿಷೇಕದ ಕಾಲದಲ್ಲಿ ಯಾತ್ರಿಕರಿಗಾಗಿ ತಾತ್ಕಾಲಿಕ ನಗರಗಳನ್ನೇ ನಿರ್ಮಿಸಬೇಕಾಯಿತು. ಅಂತಹ ಕಾರ್ಯಗಳು ಬರಿಯ ಸದ್ಭಾವನೆಯಿಂದ ನೆರವೇರುವುದಿಲ್ಲ. ದಾನಿಯು ಬಂದಾಗ ಅವನನ್ನು ಆದರಿಸುವುದು ಕೃತಜ್ಞತೆಯ ಲಕ್ಷಣ. ಆದರೆ ದಾನವೆಂದರೆ ಅನುಗ್ರಹಾರ್ಥವಾಗಿ ತನ್ನದನ್ನು ಬಿಟ್ಟುಕೊಡುವುದೆಂಬ ಸೂತ್ರಕಾರರ ಲಕ್ಷಣವನ್ನು ಮರೆಯಲಾಗದು. ಬಿಟ್ಟುಕೊಟ್ಟ ಮೇಲೂ ಬೇಕಾದಾಗ ಹಿಂದಕ್ಕೆ ಪಡೆಯುವ ಅಧಿಕಾರ ಉಳಿದಿದ್ದರೆ ಲೆಕ್ಕಶಾಸ್ತ್ರದಲ್ಲಿ ಅದಕ್ಕೆ ಬೇರೆ ಹೆಸರಿದೆ. ಅದು ಮುಂಗಡವಾಗಿ ಕಟ್ಟಿದ ಬಾಡಿಗೆ. ಬಾಗಿಲ ಮೇಲಿನ ಶಿಲಾಫಲಕದಲ್ಲಿರುವ ಹೆಸರು, ಆ ಕೋಣೆ ಆತನದೆಂದು ಹೇಳುವುದಿಲ್ಲ. ಆತನದಾಗಿ ಇನ್ನು ಉಳಿದಿಲ್ಲವೆಂದು ಹೇಳುತ್ತದೆ.

ಇನ್ನೊಂದು ದೃಷ್ಟಿಯಿಂದಲೂ ಈ ಕೋಣೆಗಳು ಯಾರೊಬ್ಬರ ಸ್ವತ್ತಲ್ಲ. ದಿನಕ್ಕೆ 1000 ರೂಪಾಯಿವರೆಗಿನ ಹೋಟೆಲ್ ಕೋಣೆಗಳಿಗೂ 2022ರ ಜುಲೈ 18ರಿಂದ ಸರಕು ಮತ್ತು ಸೇವಾ ತೆರಿಗೆಯನ್ನು ವಿಧಿಸಲಾಯಿತು. ಆದರೆ ನೋಂದಾಯಿತ ಧಾರ್ಮಿಕ ಟ್ರಸ್ಟುಗಳು ಪುಣ್ಯಸ್ಥಳದ ಆವರಣದಲ್ಲಿ 1000 ರೂಪಾಯಿಗಿಂತ ಕಡಿಮೆ ದಿನಬಾಡಿಗೆಗೆ ಕೊಡುವ ಕೋಣೆಗಳ ವಿನಾಯಿತಿಯನ್ನು ಹಾಗೆಯೇ ಉಳಿಸಲಾಯಿತು. ಈ ವಿನಾಯಿತಿಯು ಸಾಮಾನ್ಯ ಯಾತ್ರಿಕನ ಹೆಸರಿನಲ್ಲಿ ದೊರೆತದ್ದು. ಅವನ ಹೆಸರಿನಲ್ಲಿ ಪಡೆದ ರಿಯಾಯಿತಿಯನ್ನು ಅನುಭವಿಸುತ್ತ ಅವನನ್ನೇ ಜಗಲಿಗೆ ಕಳಿಸುವುದು ನ್ಯಾಯವಲ್ಲ.

ಹಾಗಾದರೆ ಮಾಡಬೇಕಾದದ್ದೇನು? ಉಪಾಯಗಳು ಕಠಿಣವಾದವಲ್ಲ. ದಾನಿಗಳಿಗಾಗಿ ಒಂದೆರಡು ಕೋಣೆಗಳನ್ನು ಮೀಸಲಿಡುವುದಾದರೆ ಅದನ್ನು ಬಹಿರಂಗವಾಗಿ ಫಲಕದಲ್ಲಿ ಬರೆಯಲಿ. ಗುಟ್ಟಾಗಿ ಕೀಲಿ ಹಿಡಿದಿಡುವುದು ಬೇಡ. ಒಮ್ಮೆ ಒಳಗೆ ಬಂದು ಹಾಸಿಗೆ ಹಾಸಿದವರನ್ನು ಯಾರ ಸಲುವಾಗಿಯೂ ಆ ರಾತ್ರಿ ಎಬ್ಬಿಸಬಾರದೆಂಬ ನಿಯಮವನ್ನು ಟ್ರಸ್ಟು ತನ್ನ ನಡಾವಳಿ ಪುಸ್ತಕದಲ್ಲಿ ದಾಖಲಿಸಲಿ. ರೋಗಿಗಳೋ ಗರ್ಭಿಣಿಯೋ ಬಂದಾಗ ಒಳಗಿರುವವರನ್ನು ಕೇಳಿಕೊಳ್ಳಬಹುದು. ಆದರೆ ಇಲ್ಲವೆನ್ನುವ ಸ್ವಾತಂತ್ರ್ಯ ಅವರಿಗೆ ಇರಬೇಕು. ಕೋಣೆ ತುಂಬಿದ ಮೇಲೆ ಬಂದವರಿಗೆ ಸಭಾಭವನದಲ್ಲಾದರೂ ಚಾಪೆ, ಹೊದಿಕೆ, ಸೋಸಿದ ನೀರು, ರಾತ್ರಿ ಪೂರ್ತಿ ಉರಿಯುವ ಒಂದು ದೀಪ, ಒಬ್ಬ ಕಾವಲುಗಾರ, ಇಷ್ಟನ್ನು ಒದಗಿಸಿದರೆ ಆವಾಸದಾನ ನೆರವೇರಿದಂತೆಯೇ. ಕುಟುಂಬದ ಹಿರಿಯರು ಕೋಣೆ ಬಿಡುವ ಮುನ್ನ ಮಕ್ಕಳ ಕೈಯಲ್ಲೇ ಹೊದಿಕೆ ಮಡಿಸಿಸಿ, ನಲ್ಲಿ ಮುಚ್ಚಿಸಿ, ಕಸ ತೆಗೆಸಲಿ. ಮುಂದೆ ಬರುವವರು ಯಾರೆಂದು ತಿಳಿಯದೆ ಅವರಿಗೆ ಮಾಡುವ ಈ ಸಣ್ಣ ಸೇವೆಯಲ್ಲಿ ತಿಥಿಯಿಲ್ಲದ ಅತಿಥಿಯ ಸತ್ಕಾರ ಅಡಗಿದೆ.

ಆ ವರ್ತಕರು ಹಳೆಯ ಪುಸ್ತಕವನ್ನು ಹುಡುಕಿ ತೆಗೆದು ‘ಉತ್ತಮ’ ಎಂಬ ಪದವನ್ನು ಹೊಡೆದುಹಾಕಿದರು. ಲೆಕ್ಕದ ಪುಸ್ತಕದಲ್ಲಿ ತಿದ್ದುಪಡಿ ಮಾಡುವಾಗ ಹಳೆಯ ನಮೂದು ಓದುವಂತಿರಬೇಕೆಂಬ ನಿಯಮದಂತೆ ಒಂದೇ ಗೆರೆ ಎಳೆದರು. ಪಕ್ಕದಲ್ಲಿ ‘ಅಧಮ’ ಎಂದು ಬರೆದು ಸಹಿ ಹಾಕಿದರು. ಬಳಿಕ ಅದೇ ಕ್ಷೇತ್ರಕ್ಕೆ ಹೋದಾಗ ಕೋಣೆಗಳೆಲ್ಲ ತುಂಬಿದ್ದವು. ವ್ಯವಸ್ಥಾಪಕರು ಎಂದಿನಂತೆ ‘ಅರ್ಧ ಗಂಟೆ ಕುಳಿತುಕೊಳ್ಳಿ, ವ್ಯವಸ್ಥೆ ಮಾಡುತ್ತೇವೆ’ ಎಂದರು. ಅದು ಯಾವ ವ್ಯವಸ್ಥೆಯೆಂದು ಅವರು ಕೇಳಿದರು, ಉತ್ತರ ಬರಲಿಲ್ಲ. ಚಾಪೆಯೊಂದನ್ನು ಕೇಳಿ ಪಡೆದು ಸಭಾಭವನದಲ್ಲಿ ಇತರ ಯಾತ್ರಿಕರ ನಡುವೆ ಮಲಗಿದರು. ನೆಲ ಗಟ್ಟಿಯಾಗಿತ್ತು, ಸೊಳ್ಳೆಗಳೂ ಇದ್ದವು. ಹೊಸ ಪುಸ್ತಕದಲ್ಲಿ ಆ ರಾತ್ರಿಯ ಎದುರಿಗೆ ಅವರು ಬರೆದ ಪದ ‘ಮಧ್ಯಮ’. ಆ ಜಗಲಿಯ ವೃದ್ಧೆಗೆ ಸಲ್ಲಬೇಕಾದದ್ದು ಇನ್ನೂ ಸಂದಿರಲಿಲ್ಲ. ಆಕೆ ಯಾವ ಊರಿನವಳೆಂದು ಕೇಳಿಕೊಳ್ಳುವ ವ್ಯವಧಾನವೂ ಅಂದು ಅವರಿಗಿರಲಿಲ್ಲ. ತೀರಿಸಲಾಗದ ಅಂತಹ ಋಣ ತಮ್ಮ ಕ್ಷೇತ್ರದ ಲೆಕ್ಕದಲ್ಲೂ ಇದೆಯೇ ಎಂದು ಪ್ರತಿಯೊಂದು ಟ್ರಸ್ಟೂ, ತಮ್ಮ ಪ್ರವಾಸಗಳ ಲೆಕ್ಕದಲ್ಲಿ ಇದೆಯೇ ಎಂದು ಪ್ರತಿಯೊಂದು ಕುಟುಂಬವೂ ಈ ಪರ್ವದ ದಿನಗಳಲ್ಲಿ ಒಮ್ಮೆ ಪರಿಶೀಲಿಸಿಕೊಳ್ಳುವುದು ಉಚಿತ.